ಇಸುಬು ಇರುವವರ ತೊಡೆಸಂದಿನಲ್ಲಿ ಗಂಟು: ಮುಟ್ಟಿ ನೋಡುವುದು ಹೇಗೆ, ಕಾಯುವುದು ಎಷ್ಟು ದಿನ?

ಕಾಲಿನ ಇಸುಬಿನಿಂದ (ಎಕ್ಸಿಮಾ) ವರ್ಷಗಟ್ಟಲೆ ನರಳಿದವರಿಗೆ ಒಂದು ದಿನ ಸ್ನಾನ ಮಾಡುವಾಗ ತೊಡೆಸಂದಿನಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಗುತ್ತದೆ. ಕ್ಯಾನ್ಸರ್ ಇರಬಹುದೇ ಎಂಬ ದಿಗಿಲಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹೆಚ್ಚಿನವರಲ್ಲಿ ಅದು ಸೋಂಕಿನ ವಿರುದ್ಧ ಹೋರಾಡುವ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತನ್ನ ಕೆಲಸ ಮಾಡುತ್ತಿರುವುದರ ಗುರುತು. ಎಲ್ಲರಲ್ಲೂ ಹಾಗಲ್ಲ, ಆದ್ದರಿಂದಲೇ ಸರಿಯಾಗಿ ಮುಟ್ಟಿ ನೋಡಲು ಕಲಿಯಬೇಕು.

ಗಂಟು ಏಕೆ ಬರುತ್ತದೆ? ಚರ್ಮದ ಮೇಲ್ಪದರದಲ್ಲಿ ಲ್ಯಾಂಗರ್‌ಹಾನ್ಸ್ ಎಂಬ ಕಾವಲು ಕೋಶಗಳಿವೆ. 1868ರಲ್ಲಿ ಇವನ್ನು ಗುರುತಿಸಿದ ಪಾಲ್ ಲ್ಯಾಂಗರ್‌ಹಾನ್ಸ್ ಆಗಿನ್ನೂ ಬರ್ಲಿನ್ನಿನಲ್ಲಿ ವೈದ್ಯ ವಿದ್ಯಾರ್ಥಿ. ಕವಲೊಡೆದ ಆಕಾರ ಕಂಡು ಇವು ನರಕೋಶಗಳೆಂದೇ ತಿಳಿದಿದ್ದ. ತುರಿಸಿ ತುರಿಸಿ ಚರ್ಮ ಬಿರಿದಾಗ ಒಳನುಗ್ಗಿದ ಬ್ಯಾಕ್ಟೀರಿಯಾದ ಚೂರುಗಳನ್ನು ಈ ಕೋಶಗಳು ಹೊತ್ತು, ಹತ್ತಿರದ ಗ್ರಂಥಿಗೆ ಹೋಗಿ ಸೋಂಕಿನೊಡನೆ ಹೋರಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಅಲ್ಲಿ ಕೋಶಗಳ ಸಂಖ್ಯೆ ಹೆಚ್ಚಿ ಗ್ರಂಥಿ ಊದುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಅದೇ ದಾರಿಯಲ್ಲಿ ಬಂದು ಗ್ರಂಥಿಯಲ್ಲಿ ತಂಗುತ್ತದೆ. ಬಯಾಪ್ಸಿ ವರದಿಯಲ್ಲಿ ‘ಡರ್ಮಟೋಪತಿಕ್ ಲಿಂಫಡಿನೋಪತಿ’ ಎಂದು ಬರೆದಿದ್ದರೆ ಅದರರ್ಥ ಇದೇ.

ಮೊದಲು ಜಾಗ ನೋಡಿ. ಕಾಲಿನ ಇಸುಬಿಗೆ ತೊಡೆಸಂದು, ಕೈಯದಕ್ಕೆ ಕಂಕುಳು, ನೆತ್ತಿಯದಕ್ಕೆ ಕಿವಿಯ ಹಿಂಭಾಗ ಮತ್ತು ಕತ್ತು. ಇಸುಬು ಕಾಲಿನಲ್ಲಿದ್ದು ಗಂಟು ಕುತ್ತಿಗೆಯಲ್ಲಿ ಬಂದರೆ ಇಸುಬಿನ ಮೇಲೆ ಹೊರೆ ಹಾಕಬೇಡಿ. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟು ಎಂದರೆ ಕ್ಷಯವನ್ನೂ ನೆನೆಯಬೇಕು.

ಮುಟ್ಟುವಾಗ ಬೆರಳ ತುದಿಯಿಂದ ಚುಚ್ಚಬೇಡಿ. ಮೂರು ಬೆರಳುಗಳ ಮೆತ್ತನೆಯ ಭಾಗವನ್ನು ಚರ್ಮದ ಮೇಲಿಟ್ಟು, ಹಗುರವಾಗಿ ಒತ್ತಿ, ಸುತ್ತಲೂ ಆಡಿಸಿ. ತೊಡೆಸಂದನ್ನು ಮಲಗಿಕೊಂಡು ನೋಡಬೇಕು. ಕಂಕುಳನ್ನು ನೋಡುವಾಗ ತೋಳು ಎತ್ತಿ ಹಿಡಿಯದೆ ಸಡಿಲವಾಗಿ ಇಳಿಬಿಡಬೇಕು. ಎತ್ತಿದರೆ ಸ್ನಾಯು ಬಿಗಿದು ಏನೂ ಸಿಗುವುದಿಲ್ಲ. ಅಳತೆ, ನೋವು, ಮೆತ್ತಗಿದೆಯೋ ಗಟ್ಟಿಯೋ, ಜಾರುತ್ತದೆಯೋ ಇಲ್ಲವೋ ಎಂಬುದನ್ನು ತಾರೀಖಿನೊಂದಿಗೆ ಬರೆದಿಡಿ. ಎರಡು ವಾರಕ್ಕೊಮ್ಮೆ ಸಾಕು. ದಿನವೂ ಹಿಸುಕಿದರೆ ಆ ಹಿಸುಕಾಟದಿಂದಲೇ ನೋವು ಬರುತ್ತದೆ.

ತೊಡೆಸಂದಿನಲ್ಲಿ ಒಂದೂವರೆ ಸೆಂಟಿಮೀಟರ್, ಬೇರೆಡೆ ಒಂದು ಸೆಂಟಿಮೀಟರ್‌ವರೆಗಿನ ಮೆತ್ತನೆಯ, ಜಾರುವ ಗಂಟಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಅದು ಕರಗುತ್ತದೆಯೇ ಎಂದು ನಾಲ್ಕು ವಾರ ಕಾಯುವಾಗ ಚರ್ಮವನ್ನು ನೋಡಿಕೊಳ್ಳಿ: ಸ್ನಾನವಾದ ಕೂಡಲೇ, ಮೈ ತೇವವಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ, ಉಗುರು ಕತ್ತರಿಸಿ. ಕೀವು, ಹಳದಿ ಹಕ್ಕಳೆ ಕಂಡರೆ ವೈದ್ಯರಿಗೆ ತೋರಿಸಿ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ದಯವಿಟ್ಟು ಹಚ್ಚಬೇಡಿ. ತುರಿಕೆ ಒಂದೆರಡು ದಿನ ಅಡಗುತ್ತದೆ, ಆದರೆ ಅದು ಇಸುಬಲ್ಲದೆ ಗಜಕರ್ಣವಾಗಿದ್ದರೆ ಒಳಗೊಳಗೇ ಹಬ್ಬುತ್ತದೆ.

ನಾಲ್ಕು ವಾರವಾದರೂ ಕರಗದ, ಎರಡು ಸೆಂಟಿಮೀಟರ್ ದಾಟಿದ ಅಥವಾ ಕಲ್ಲಿನಂತೆ ಗಟ್ಟಿಯಾಗಿ ಅಂಟಿಕೊಂಡ ಗಂಟನ್ನು ತೋರಿಸಲೇಬೇಕು. ಕೊರಳೆಲುಬಿನ ಮೇಲಿನ ಗಂಟು ಎಷ್ಟೇ ಚಿಕ್ಕದಿರಲಿ, ಒಂದು ದಿನವೂ ಕಾಯಬೇಡಿ. ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಜೊತೆಗಿದ್ದರೂ ಹಾಗೆಯೇ. ಇಸುಬಿನಂತೆಯೇ ಕಾಣುವ ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಅಪರೂಪವಾದರೂ ಇದೆ. ಪರೀಕ್ಷೆಗೆ ಮುನ್ನ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಅದರ ಸುಳಿವು ಅಳಿಸಿಹೋಗಬಹುದು. ಹೋಗುವಾಗ ಬರೆದಿಟ್ಟ ಪುಸ್ತಕವನ್ನೂ, ಹಚ್ಚಿದ ಮುಲಾಮುಗಳ ಟ್ಯೂಬುಗಳನ್ನೂ ಒಯ್ಯಿರಿ.