ಮೊರಾಕ್ಕೊ ಟೂರ್: ಊರಿನ ಹೆಸರಿಗಿಂತ ಮೊದಲು ಕಿಲೋಮೀಟರ್ ನೋಡಿ

ಮೊರಾಕ್ಕೊ ಟೂರ್ ಪಟ್ಟಿ ಕೈಗೆ ಬಂದರೆ ನಾನು ಮೊದಲು ಊರುಗಳ ಹೆಸರು ಓದುವುದಿಲ್ಲ. ಪೆನ್ನು ಹಿಡಿದು, ಪ್ರತಿ ದಿನದ ಎದುರಿಗೆ ಎಷ್ಟು ಕಿಲೋಮೀಟರ್, ಗಾಡಿಯಲ್ಲಿ ಎಷ್ಟು ಗಂಟೆ ಅಂತ ಬರೆದುಕೊಳ್ಳುತ್ತೇನೆ. ಹೆಸರುಗಳು ಎಲ್ಲರ ಪಟ್ಟಿಯಲ್ಲೂ ಒಂದೇ. ಕಾಸಾಬ್ಲಾಂಕಾ, ರಬಾತ್, ಫೆಸ್, ಮೆರ್ಜೂಗಾದ ಮರಳು, ತೊದ್ರಾ ಕಮರಿ, ಐತ್ ಬೆನ್‌ಹದ್ದು, ಮರಾಕೇಶ್. ದುಡ್ಡು ಜಾಸ್ತಿ ಕೊಟ್ಟರೂ ಅವೇ, ಕಡಿಮೆ ಕೊಟ್ಟರೂ ಅವೇ. ಅವುಗಳ ನಡುವಿನ ರಸ್ತೆಯನ್ನು ಎಷ್ಟು ದಿನಕ್ಕೆ ಹಂಚಿದ್ದಾರೆ ಅನ್ನುವುದರಲ್ಲೇ ಎಲ್ಲ ವ್ಯತ್ಯಾಸ.

ನಾನು ಹೋಗಿದ್ದು ಯಜಮಾನರು ಮತ್ತು ನಾದಿನಿಯ ಜೊತೆ. ಯಜಮಾನರಿಗೆ ಮಂಡಿ ನೋವು. ನಾದಿನಿಗೆ ಘಾಟ್ ರಸ್ತೆ ಅಂದರೆ ವಾಂತಿ. ಇಂಥ ಇಬ್ಬರನ್ನು ಕಟ್ಟಿಕೊಂಡು ಹೋಗುವವರು ಕಿಲೋಮೀಟರ್ ಎಣಿಸಲೇಬೇಕು, ಅಲ್ವಾ?

ಫೆಸ್‌ನಿಂದ ಮೆರ್ಜೂಗಾಕ್ಕೆ ಸುಮಾರು 470 ಕಿಲೋಮೀಟರ್. ಊಟ, ಟೀ, ಫೋಟೊ ಅಂತ ನಿಲ್ಲಿಸಿಕೊಂಡು ಹೋದರೆ ಬೆಳಿಗ್ಗೆ ಹೊರಟವರು ಸಂಜೆಗೆ ಮುಟ್ಟುತ್ತೀರಿ. ಇಡೀ ಪ್ರವಾಸದಲ್ಲಿ ಇದೇ ಉದ್ದದ ದಿನ. ಹೆಚ್ಚಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ, ಮುಗಿಸಬಹುದು ಕೂಡ. ಆದರೆ ಅದೇ ಸಂಜೆ ಒಂಟೆ ಸವಾರಿಯನ್ನೂ ಸೇರಿಸಿದ್ದರೆ ಬೇಡ ಅನ್ನಿ. ಸೂರ್ಯಾಸ್ತಕ್ಕೆ ತಲುಪಬೇಕು ಅಂತ ಡ್ರೈವರ್ ಎಲ್ಲೂ ಗಾಡಿ ನಿಲ್ಲಿಸುವುದಿಲ್ಲ. ದಾರಿಯ ಒಳ್ಳೊಳ್ಳೆ ಜಾಗಗಳೆಲ್ಲ ಕಿಟಕಿಯಲ್ಲೇ ಓಡಿಹೋಗುತ್ತವೆ. ನಡುವೆ ಮಿದೆಲ್ತ್‌ನಲ್ಲಿ ಒಂದು ರಾತ್ರಿ ಉಳಿಯುವ ಪಟ್ಟಿ ಸಿಕ್ಕರೆ ಕಣ್ಣುಮುಚ್ಚಿ ಆರಿಸಿಕೊಳ್ಳಿ. ಸೇಬಿನ ತೋಟಗಳ ಊರು, ಗುಡ್ಡದ ತಂಪು.

ಆ ದಾರಿಯೇ ಒಂದು ಪ್ರವಾಸ. ಮೊದಲು ಇಫ್ರಾನ್ ಬರುತ್ತದೆ. 1929ರಲ್ಲಿ ಫ್ರೆಂಚರು ಕಟ್ಟಿದ ಗಿರಿಧಾಮ, ಇಳಿಜಾರು ಹಂಚಿನ ಮನೆಗಳು. ಆಫ್ರಿಕಾ ಖಂಡದಲ್ಲೇ ದಾಖಲಾದ ಅತಿ ಕಡಿಮೆ ಉಷ್ಣಾಂಶ, ಮೈನಸ್ 23.9 ಡಿಗ್ರಿ, 1935ರಲ್ಲಿ ಇಲ್ಲೇ. ಮರಳುಗಾಡಿಗೆ ಹೊರಟವರು ಸ್ವೆಟರನ್ನು ಸೂಟ್‌ಕೇಸಿನ ತಳದಲ್ಲಿ ಇಡಬಾರದು ಅನ್ನುವುದು ಇದಕ್ಕೇ. ಮುಂದೆ ಅಜ್ರು ಹತ್ತಿರ ದೇವದಾರು ಕಾಡು, ಅಲ್ಲಿ ಬಾಲವಿಲ್ಲದ ಬಾರ್ಬರಿ ಮಂಗಗಳು. ತಿಂಡಿ ಹಾಕಬೇಡಿ, ಕೈಯಲ್ಲಿ ಪೊಟ್ಟಣ ಕಂಡರೆ ಅವೇ ಬಂದು ಕಿತ್ತುಕೊಳ್ಳುತ್ತವೆ. ಆಮೇಲೆ ಬೋಳು ಬಯಲು. ನೋಡಿ ನೋಡಿ ಬೇಜಾರಾಗುವ ಹೊತ್ತಿಗೆ ಜಿಜ್ ಕಣಿವೆ. ಕೆಂಪು ಬಂಡೆಗಳ ನಡುವೆ ಖರ್ಜೂರದ ತೋಟ ಹಸಿರು ನದಿಯ ಹಾಗೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಲೇಬೇಕು ಅಂತ ಬೆಳಿಗ್ಗೆಯೇ ಡ್ರೈವರ್‌ಗೆ ಹೇಳಿಡಿ.

ಯಾವ ಕಡೆಯಿಂದ ಶುರು ಮಾಡಬೇಕು? ನನ್ನ ಮತ ಕಾಸಾಬ್ಲಾಂಕಾದಲ್ಲಿ ಇಳಿದು, ಫೆಸ್ ಕಡೆಯಿಂದ ಮರಳಿಗೆ ಹೋಗಿ, ಮರಾಕೇಶ್‌ನಲ್ಲಿ ಮುಗಿಸುವುದು. ಫೆಸ್‌ನ ಗಲ್ಲಿಗಳೆಲ್ಲ ಇಳಿಜಾರು, ಮೆಟ್ಟಿಲು. ಕಾಲಿನಲ್ಲಿ ಶಕ್ತಿ ಇರುವಾಗಲೇ ನೋಡಬೇಕು. ಮರಾಕೇಶ್ ಬಹುಮಟ್ಟಿಗೆ ಸಮತಟ್ಟು, ದಣಿದ ಕಾಲಿಗೂ ನಡೆಯುತ್ತದೆ. ಕಾಸಾಬ್ಲಾಂಕಾಕ್ಕೆ ಅರ್ಧ ದಿನ ಸಾಕು. 1993ರಲ್ಲಿ ಪೂರ್ತಿಯಾದ ಎರಡನೇ ಹಸನ್ ಮಸೀದಿಯನ್ನು ಮಾತ್ರ ಒಳಗೆ ಹೋಗಿ ನೋಡಿ. ಮಿನಾರೇ 210 ಮೀಟರ್. ಮೊರಾಕ್ಕೊದ ಹೆಚ್ಚಿನ ಮಸೀದಿಗಳಲ್ಲಿ ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಇಲ್ಲಿ ನಿಗದಿತ ಹೊತ್ತಿನಲ್ಲಿ ಗೈಡ್ ಜೊತೆ ಬಿಡುತ್ತಾರೆ.

ಯಾವ ಮರಳುಗಾಡು ಅಂತ ಕೇಳಿ

ಪಟ್ಟಿಯಲ್ಲಿ ಸುಮ್ನೆ 'ಮರುಭೂಮಿಯಲ್ಲಿ ಒಂದು ರಾತ್ರಿ' ಅಂತ ಇದ್ದರೆ ಊರಿನ ಹೆಸರು ಕೇಳಿ. ಅಗಾಫೆ ಅಂದರೆ ಅದು ಮರಾಕೇಶ್‌ಗೆ ತೀರಾ ಹತ್ತಿರದ ಕಲ್ಲು ಬಯಲು. ಚೆನ್ನಾಗಿದೆ, ಆದರೆ ಮರಳಿನ ದಿಬ್ಬ ಇಲ್ಲ. ಮರಾಕೇಶ್‌ನಿಂದ ಎರಡು ದಿನದ ಟೂರ್ ಅಂದರೆ ಸಾಮಾನ್ಯವಾಗಿ ಜಾಗೋರಾ, ದಿಬ್ಬಗಳು ಚಿಕ್ಕವು. ಚಿತ್ರಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ದೊಡ್ಡ ದಿಬ್ಬಗಳು ಮೆರ್ಜೂಗಾ ಪಕ್ಕದ ಎರ್ಗ್ ಶೆಬ್ಬಿಯವು. ಕೆಲವು ಸುಮಾರು 150 ಮೀಟರ್ ಎತ್ತರ ಇವೆ. ಮರಾಕೇಶ್‌ನಿಂದ ಮೂರೇ ದಿನದಲ್ಲಿ ಮೆರ್ಜೂಗಾಕ್ಕೆ ಹೋಗಿ ಬರುವ ಟೂರ್‌ಗಳೂ ಇವೆ. ಸಾವಿರದ ನೂರು ಕಿಲೋಮೀಟರಿಗೂ ಜಾಸ್ತಿ, ಅದೂ ಘಾಟ್ ಹತ್ತಿ ಇಳಿದು. ಇಪ್ಪತ್ತರ ಹುಡುಗರು ಹೋಗಲಿ.

ಕ್ಯಾಂಪ್ ದಿಬ್ಬಗಳ ಒಳಗಿದೆಯೋ, ಅಂಚಿನಲ್ಲೋ? ಶೌಚಾಲಯ ಡೇರೆಗೇ ಸೇರಿದೆಯೋ, ಹೊರಗೆ ನಡೆಯಬೇಕೋ? ಒಂಟೆ ಬೇಡ ಅಂದವರಿಗೆ ಜೀಪ್ ಇದೆಯೋ? ಈ ಮೂರನ್ನೂ ದುಡ್ಡು ಕಟ್ಟುವ ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ನಮ್ಮ ಯಜಮಾನರು ಜೀಪಿನಲ್ಲಿ ಹೋಗಿ, ನಾವು ತಲುಪುವಷ್ಟರಲ್ಲಿ ಕಾಲು ಚಾಚಿ ಪುದೀನ ಟೀ ಕುಡಿಯುತ್ತಾ ಕೂತಿದ್ದರು.

ಒಂಟೆ ಹತ್ತುವುದಕ್ಕಿಂತ ಅದು ಏಳುವ ಗಳಿಗೆಯೇ ಕಷ್ಟ. ಕೂತ ಒಂಟೆ ಮೊದಲು ಹಿಂಗಾಲು ಎತ್ತುತ್ತದೆ, ನೀವು ತಲೆ ಮುಂದಾಗಿ ಜಾರುತ್ತೀರಿ. ಆಗ ಮೈಯನ್ನು ಹಿಂದಕ್ಕೆ ವಾಲಿಸಿ, ಎದುರಿನ ಕಬ್ಬಿಣದ ಹಿಡಿ ಗಟ್ಟಿಯಾಗಿ ಹಿಡಿಯಿರಿ. ಆಮೇಲೆ ಮುಂಗಾಲು ಎದ್ದಾಗ ಸಮ ಆಗುತ್ತದೆ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ವಾಲಬೇಕು. ಫೋನು ಜೇಬಿನಲ್ಲಿರಲಿ, ಕೈಯಲ್ಲಿ ಬೇಡ. ಸೀರೆ, ಬಿಗಿ ಜೀನ್ಸ್ ಎರಡೂ ಬೇಡ. ಸಡಿಲ ಪ್ಯಾಂಟ್ ಹಾಕಿ, ಇಲ್ಲದಿದ್ದರೆ ಒಂದು ಗಂಟೆಯ ಸವಾರಿಗೆ ತೊಡೆ ಉಜ್ಜಿಹೋಗುತ್ತದೆ.

ದೊಡ್ಡ ಸೂಟ್‌ಕೇಸ್ ಗಾಡಿಯಲ್ಲೇ ಉಳಿಯಲಿ. ಕ್ಯಾಂಪಿಗೆ ಒಂದು ಸಣ್ಣ ಚೀಲ ಸಾಕು. ಬೆಚ್ಚನೆ ಬಟ್ಟೆ, ಟಾರ್ಚ್, ಮಾತ್ರೆಗಳು, ನೀರು, ಪವರ್ ಬ್ಯಾಂಕ್. ಮರಳು ಎಲ್ಲಕ್ಕೂ ನುಗ್ಗುತ್ತದೆ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ. ಡ್ರೋನ್ ಮಾತ್ರ ಒಯ್ಯಲೇಬೇಡಿ. ಅನುಮತಿ ಇಲ್ಲದ ಡ್ರೋನನ್ನು ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಮೆರ್ಜೂಗಾ ಕಾದ ಬಾಣಲೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ರಂಜಾನ್ ತಿಂಗಳಲ್ಲಿ ಹೋದರೆ ಹಗಲು ಅನೇಕ ಹೋಟೆಲ್ ಮುಚ್ಚಿರುತ್ತವೆ, ಉಪವಾಸವಿರುವ ಡ್ರೈವರ್‌ಗೆ ಸಂಜೆಯ ಹೊತ್ತು ಎಲ್ಲಿಗಾದರೂ ತಲುಪುವ ಅವಸರ ಇರುತ್ತದೆ.

ಗೈಡ್ ಅಂದರೆ ಒಬ್ಬರಲ್ಲ

'ಗೈಡ್ ಸಹಿತ' ಅಂತ ಓದಿ, ಒಬ್ಬರೇ ಮೊದಲಿಂದ ಕೊನೆವರೆಗೆ ಎಲ್ಲ ವಿವರಿಸುತ್ತಾರೆ ಅಂದುಕೊಳ್ಳಬೇಡಿ. ದಿನವಿಡೀ ಜೊತೆಗಿರುವವರು ಡ್ರೈವರ್. ದಾರಿ, ಹೋಟೆಲ್, ಊಟದ ಜಾಗ ಎಲ್ಲ ಅವರಿಗೆ ಗೊತ್ತು. ಆದರೆ ಫೆಸ್, ಮರಾಕೇಶ್‌ನ ಹಳೆ ಪೇಟೆಯೊಳಗೆ ಕರೆದುಕೊಂಡು ಹೋಗಿ ಇತಿಹಾಸ ಹೇಳುವವರು ಬೇರೆ. ಅವರಿಗೆ ಸರ್ಕಾರದ ಪರವಾನಗಿ ಇರುತ್ತದೆ, ಕೊರಳಲ್ಲಿ ಬ್ಯಾಡ್ಜ್ ಇರುತ್ತದೆ. ಮರಳಲ್ಲಿ ಒಂಟೆಯವರು ಬೇರೆ. ಬೆಟ್ಟ ಹತ್ತುವುದಿದ್ದರೆ ಪರ್ವತದ ಗೈಡ್ ಬೇರೆ. 4,167 ಮೀಟರ್‌ನ ತುಬ್ಕಾಲ್ ಶಿಖರಕ್ಕಂತೂ 2018ರ ಕೊನೆಯಿಂದ ಗೈಡ್ ಇಲ್ಲದೆ ಬಿಡುವುದಿಲ್ಲ. ದಾರಿಯಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ.

ಇವರಲ್ಲಿ ಯಾರ ಸಂಬಳ ನೀವು ಕೊಟ್ಟ ಮೊತ್ತದಲ್ಲಿ ಸೇರಿದೆ, ಯಾರದು ಇಲ್ಲ ಅಂತ ಕೇಳಿ. ಟಿಪ್ಸ್ ಎಲ್ಲರಿಗೂ ಬೇರೆಬೇರೆ ಕೊಡಬೇಕಾಗುತ್ತದೆ. 20, 50 ದಿರ್ಹಮ್ ನೋಟುಗಳನ್ನು ಕಂಡಲ್ಲೆಲ್ಲ ಕೂಡಿಸಿಟ್ಟುಕೊಳ್ಳಿ. ಎಟಿಎಂ ಕೊಡುವ 200ರ ನೋಟಿಗೆ ಮರಳುಗಾಡಿನಲ್ಲಿ ಚಿಲ್ಲರೆ ಸಿಗುವುದಿಲ್ಲ. ಶೌಚಾಲಯದ ಬಾಗಿಲಲ್ಲಿ ಕೂತವರಿಗೆ ಕೊಡಲು ಒಂದು, ಎರಡು ದಿರ್ಹಮ್ ನಾಣ್ಯ ಬೇರೆ ಬೇಕು.

ಹಳೆ ಪೇಟೆಯಲ್ಲಿ ಬ್ಯಾಡ್ಜ್ ಇಲ್ಲದ ಹುಡುಗರು 'ಆ ದಾರಿ ಮುಚ್ಚಿದೆ, ಈ ಕಡೆ ಬನ್ನಿ' ಅಂತ ಬರುತ್ತಾರೆ. ದಾರಿ ಮುಚ್ಚಿರುವುದಿಲ್ಲ. 'ಲಾ, ಶುಕ್ರನ್' ಅಂದು ನಗುತ್ತಾ ಮುಂದೆ ಹೋಗಿ. ಬೇಡ, ಥ್ಯಾಂಕ್ಸ್ ಅಂತ. ನಿಂತು ವಾದ ಮಾಡಿದರೆ ನೀವೇ ಸೋಲುತ್ತೀರಿ.

ಫೆಸ್, ಸ್ವಲ್ಪ ನಿಧಾನವಾಗಿ

ಫೆಸ್‌ಗೆ ಎರಡು ರಾತ್ರಿ ಇಲ್ಲದ ಪಟ್ಟಿಯನ್ನು ನಾನು ಪಕ್ಕಕ್ಕಿಡುತ್ತೇನೆ. ಎಂಟನೇ ಶತಮಾನದ ಕೊನೆಗೆ ಶುರುವಾದ ಊರು. ಹಳೆ ಪೇಟೆಗೆ ಕಾರು ಬರುವುದಿಲ್ಲ. ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ, ಕೈಗಾಡಿ. ಹಿಂದಿನಿಂದ 'ಬಲಾಕ್! ಬಲಾಕ್!' ಅಂತ ಕೂಗು ಕೇಳಿದರೆ ತಿರುಗಿ ನೋಡುವುದಲ್ಲ, ಗೋಡೆಗೆ ಅಂಟಿಕೊಳ್ಳಿ. ಹೇಸರಗತ್ತೆಯ ಮೇಲೆ ಗ್ಯಾಸ್ ಸಿಲಿಂಡರ್ ಇರುತ್ತದೆ, ಇಲ್ಲವೇ ಹಸಿ ಚರ್ಮದ ರಾಶಿ. ಉಳಿಯುವ ರಿಯಾದ್, ಅಂದರೆ ಅಂಗಳದ ಮನೆ, ಗಲ್ಲಿಯ ಒಳಗೇ ಇದ್ದರೆ ಸೂಟ್‌ಕೇಸ್ ತರುವ ಕೈಗಾಡಿಯವರಿಗೆ ಮೊದಲೇ ರೇಟು ಮಾತಾಡಿಕೊಳ್ಳಿ. ಮೇಲಿನ ಮಹಡಿಗೆ ಕಿರಿದಾದ ಮೆಟ್ಟಿಲು, ಲಿಫ್ಟ್ ಅಪರೂಪ. ಮಂಡಿ ನೋವಿನವರು ಕೆಳಗಿನ ಕೋಣೆ ಕೇಳಿ ಪಡೆಯಿರಿ.

859ರಲ್ಲಿ ಫಾತಿಮಾ ಅಲ್-ಫಿಹ್ರಿ ಅನ್ನುವ ಹೆಂಗಸು ಸ್ಥಾಪಿಸಿದಳು ಅಂತ ಹೇಳುವ ಅಲ್-ಕರವೀನ್ ಮಸೀದಿಯನ್ನು ನಾವು ಬಾಗಿಲಲ್ಲೇ ನಿಂತು ನೋಡಬೇಕು. ಅದರ ಬದಲಿಗೆ 14ನೇ ಶತಮಾನದ ಬೂ ಇನಾನಿಯಾ ಮದರಸಾದ ಒಳಗೆ ಎಲ್ಲರಿಗೂ ಪ್ರವೇಶ ಇದೆ. ಕೆಳಗೆ ಬಣ್ಣದ ಹಂಚು, ಮೇಲೆ ಗಾರೆಯ ಕೆತ್ತನೆ, ಅದರ ಮೇಲೆ ಮರದ ಕೆಲಸ. ಸುಮ್ನೆ ಒಂದು ಮೂಲೆಯಲ್ಲಿ ಕೂತುಬಿಡಿ.

ಶುವಾರಾ ಚರ್ಮ ಹದ ಮಾಡುವ ಜಾಗಕ್ಕೆ ಬೆಳಿಗ್ಗೆಯೇ ಹೋಗಿ, ಬಿಸಿಲೇರಿದರೆ ವಾಸನೆ ತಡೆಯಲು ಆಗದು. ನೋಡಬೇಕಾದ್ದು ಚರ್ಮದ ಅಂಗಡಿಗಳ ಮಹಡಿಯಿಂದ. ಬಾಗಿಲಲ್ಲೇ ಒಂದು ಹಿಡಿ ಪುದೀನ ಕೊಡುತ್ತಾರೆ, ಮೂಗಿಗೆ ಹಿಡಿದುಕೊಳ್ಳಿ. ಕೆಳಗೆ ಕಲ್ಲಿನ ತೊಟ್ಟಿಗಳ ಸಾಲು. ಬಿಳಿ ತೊಟ್ಟಿಗಳಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ, ಕೂದಲು ಬಿಡಿಸಿ ಚರ್ಮ ಮೆದು ಮಾಡಲು. ಅದರಾಚೆ ಹಳದಿ, ಕೆಂಪು, ಕಂದು ಬಣ್ಣದವು. ತೊಡೆಯವರೆಗೆ ಇಳಿದು ಜನ ಚರ್ಮ ತುಳಿಯುತ್ತಿರುತ್ತಾರೆ. ಇದನ್ನು ತೋರಿಸಿ, ಅಂಗಡಿಯವರು ನಿಮ್ಮನ್ನು ಮೆಲ್ಲಗೆ ಜಾಕೆಟ್‌ಗಳ ಕಡೆ ನಡೆಸುತ್ತಾರೆ. ಕೊಳ್ಳಲೇಬೇಕು ಅಂತ ಇಲ್ಲ. ಕೊಳ್ಳುವ ಮನಸ್ಸಿದ್ದರೆ ಗೈಡ್ ಇಲ್ಲದೆ ಮತ್ತೊಮ್ಮೆ ಬನ್ನಿ. ಗೈಡ್ ಜೊತೆಗಿದ್ದರೆ ಅವರ ಕಮಿಷನ್ ಕೂಡ ಬೆಲೆಯೊಳಗೇ ಕೂತಿರುತ್ತದೆ. ರತ್ನಗಂಬಳಿ ಅಂಗಡಿ, ಅರ್ಗಾನ್ ಎಣ್ಣೆಯ ಅಂಗಡಿಗೂ ಇದೇ ಮಾತು. ಟೂರಿನಲ್ಲಿ ಇಂಥ ನಿಲುಗಡೆ ಎಷ್ಟು ಅಂತ ಮೊದಲೇ ಕೇಳಿ, ಒಂದೆರಡಕ್ಕೆ ಮಿತಿ ಹಾಕಿಸಿ.

ಊಟ

ಸಸ್ಯಾಹಾರಿಗಳು 'ಮಾಂಸ ಬೇಡ' ಅಂದರೆ ಸಾಲದು. ತರಕಾರಿ ತಜೀನ್ (ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ಪಲ್ಯ) ಅಂತ ತಂದದ್ದರಲ್ಲಿ ಮಾಂಸದ ತುಂಡು ಇಲ್ಲದಿದ್ದರೂ ಅದರ ಸಾರು ಇರಬಹುದು. ರವೆಯ ಹಾಗಿರುವ ಕುಸ್‌ಕುಸ್‌ಗೂ ಹಾಗೇ. 'ಸಾರಿನಲ್ಲೂ ಬೇಡ' ಅಂತ ಡ್ರೈವರ್ ಕೈಲಿ ಅಡುಗೆಯವರಿಗೆ ಅವರ ಭಾಷೆಯಲ್ಲೇ ಹೇಳಿಸಿ. ನಂಬಿ ತಿನ್ನಬಹುದಾದದ್ದು ಬೆಳಗಿನ ಮ್ಸೆಮ್ಮೆನ್. ಪದರ ಪದರದ ಚೌಕ ರೊಟ್ಟಿ, ಜೇನು ಹಾಕಿ ತಿನ್ನುತ್ತಾರೆ. ಬದನೆಕಾಯಿಯ ಜಾಲೂಕ್ ಕೂಡ ಚೆನ್ನಾಗಿರುತ್ತದೆ. ಹರೀರಾ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೇಳದೆ ಬಾಯಿಗಿಡಬೇಡಿ.

ಮರಳಿನಿಂದ ಮರಾಕೇಶ್‌ಗೆ

ಇದಕ್ಕೆ ಕನಿಷ್ಠ ಎರಡು ದಿನ ಬೇಕು. ಹೊರಡುವ ದಿನ ಭಾನುವಾರ, ಮಂಗಳವಾರ ಅಥವಾ ಗುರುವಾರ ಆಗಿದ್ದರೆ ರಿಸ್ಸಾನಿ ಸಂತೆಗೆ ಹೋಗಿ. ಖರ್ಜೂರ, ಕುರಿ, ಮತ್ತು ಜನ ಸಂತೆ ಮುಗಿಸಿ ಬರುವ ತನಕ ಕತ್ತೆಗಳನ್ನು ಕಟ್ಟಿಹಾಕುವ ದೊಡ್ಡ ಬಯಲು. ತೊದ್ರಾ ಕಮರಿಯಲ್ಲಿ ಎರಡೂ ಕಡೆ ಸುಮಾರು 300 ಮೀಟರ್ ಬಂಡೆ ಗೋಡೆ, ನಡುವೆ ತಣ್ಣನೆ ನೀರು. ಅರ್ಧ ಗಂಟೆ ನಡೆದರೆ ಸಾಕು. ರಾತ್ರಿಗೆ ದಾದೆಸ್ ಕಣಿವೆಯೋ, ಐತ್ ಬೆನ್‌ಹದ್ದುವೋ ಅಂದರೆ ನಾನು ಐತ್ ಬೆನ್‌ಹದ್ದು ಅನ್ನುತ್ತೇನೆ. 1987ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಮಣ್ಣಿನ ಊರು. ಮರಾಕೇಶ್‌ನಿಂದ ಬರುವ ಬಸ್ಸುಗಳು ಮುಟ್ಟುವ ಮೊದಲು, ಬೆಳ್ಳಂಬೆಳಿಗ್ಗೆ ನೆತ್ತಿಯ ಕಣಜದವರೆಗೆ ಹತ್ತಿಬಿಡಬಹುದು.

ಆಮೇಲೆ ಟಿಜಿ ಎನ್ ಟಿಷ್ಕಾ ಘಾಟ್, 2,260 ಮೀಟರ್. ತಿರುವುಗಳಿಗೆ ಲೆಕ್ಕವೇ ಇಲ್ಲ. ವಾಂತಿಯವರು ಹೊರಡುವ ಅರ್ಧ ಗಂಟೆ ಮೊದಲು ಮಾತ್ರೆ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂರಬೇಕು. ನಾದಿನಿ ಹಾಗೇ ಕೂತು, ಡ್ರೈವರ್‌ಗೆ ದಾರಿಯುದ್ದಕ್ಕೂ ನಿಧಾನ ನಿಧಾನ ಅಂತ ಕನ್ನಡದಲ್ಲೇ ಹೇಳುತ್ತಿದ್ದಳು. ಅವರಿಗೂ ಅರ್ಥವಾಗಿತ್ತು. ಚಳಿಗಾಲದಲ್ಲಿ ಹಿಮ ಬಿದ್ದು ಈ ರಸ್ತೆ ಮುಚ್ಚುವುದುಂಟು. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುವವರು ಘಾಟ್ ಇಳಿದ ಮರುದಿನವೇ ವಿಮಾನ ಇಟ್ಟುಕೊಳ್ಳಬೇಡಿ. 2023ರ ಸೆಪ್ಟೆಂಬರ್ 8ರ ಭೂಕಂಪ ಈ ಘಾಟ್ ದಾಟುವ ಹೈ ಅಟ್ಲಾಸ್ ಬೆಟ್ಟಸಾಲಿನ ಹಳ್ಳಿಗಳನ್ನು ಹೊಡೆದದ್ದು. ಬೆಟ್ಟದ ಹಳ್ಳಿಯಲ್ಲಿ ಉಳಿಯುವ ಟೂರ್ ಆದರೆ ಉಳಿಯುವ ಮನೆ ಯಾವುದು ಅಂತ ಹೆಸರು ಹಿಡಿದು ಕೇಳಿ.

ಮರಾಕೇಶ್‌ನ ಜಮಾ ಅಲ್-ಫ್ನಾ ಚೌಕಕ್ಕೆ ಸಂಜೆ ಹೋಗಿ. ಮೆಹಂದಿಯವರು ಕೇಳದೆ ಕೈ ಹಿಡಿದು ಬಿಡಿಸಲು ಶುರು ಮಾಡುತ್ತಾರೆ, ಕೈ ಜೇಬಿನಲ್ಲಿರಲಿ. ಹಾವಾಡಿಗರ ಕಡೆ ಫೋನು ಎತ್ತಿದರೆ ದುಡ್ಡು ಕೇಳುತ್ತಾರೆ. ಮಜೊರೆಲ್ ತೋಟದ ಟಿಕೆಟ್ ಆನ್‌ಲೈನ್‌ನಲ್ಲೇ ಕೊಳ್ಳಬೇಕು, ಮರಳುಗಾಡಿಗೆ ಹೋಗುವ ಮೊದಲೇ ಮಾಡಿಡಿ. ಉಳಿದ ದಿರ್ಹಮ್‌ಗಳನ್ನು ವಿಮಾನ ನಿಲ್ದಾಣದ ಒಳಗೆ ಹೋಗುವ ಮುಂಚೆ ಬದಲಿಸಿಕೊಳ್ಳಿ. 2,000ಕ್ಕಿಂತ ಜಾಸ್ತಿ ದೇಶದ ಹೊರಗೆ ಒಯ್ಯುವ ಹಾಗಿಲ್ಲ, ಹೊರಗೆ ಬದಲಿಸಿಕೊಡುವವರು ಸಿಗುವುದೂ ಕಷ್ಟ. ಮೊದಲು ದುಡ್ಡು ಬದಲಿಸಿದ ರಸೀದಿ ಕೇಳಬಹುದು, ಎಸೆಯದೆ ಪಾಸ್‌ಪೋರ್ಟ್ ಜೊತೆ ಇಟ್ಟಿರಿ.