ಕಾವಾ ಚರಿತ್ರೆಯನ್ನು ಬೀಟೆ ಮರದಿಂದ ಶುರುಮಾಡಿದೆ

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ, ಅಂದರೆ ನಾವೆಲ್ಲ ‘ಕಾವಾ’ ಎನ್ನುವ ಕಲಾಶಾಲೆಯ ಕಥೆ ಯಾರನ್ನು ಕೇಳಿದರೂ 1981–82ರಿಂದಲೇ ಶುರುವಾಗುತ್ತದೆ. ರಷ್ಯಾ ಮೂಲದ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ ಸಲಹೆ ಕೊಟ್ಟರು, ಮುಂಬೈನ ಜೆ.ಜೆ. ಕಲಾಶಾಲೆಯನ್ನು ಮಾದರಿಯಾಗಿ ಇಟ್ಟುಕೊಂಡರು, ಸರ್ಕಾರ ಶಾಲೆ ತೆರೆಯಿತು. ಇದೆಲ್ಲ ನಿಜ. ಆದರೆ ‘ಚಾಮರಾಜೇಂದ್ರ’ ಎಂಬ ಹೆಸರು ಅದಕ್ಕೂ ಎಷ್ಟೋ ಹಿಂದಿನದು. ಗೆಳೆಯರು ಶಾಲೆಯ ಚರಿತ್ರೆ ಬರೆದುಕೊಡು ಎಂದಾಗ ಆ ಹಳೆಯ ತುದಿಯಿಂದಲೇ ಎಳೆಯಬೇಕು ಅನ್ನಿಸಿತು. ನಾನು ಚಿತ್ರ ಬರೆಯುವವನು. ಕಡತ ಓದುವುದಕ್ಕಿಂತ ಕೆಲಸ ನೋಡಿ ಕೈ ಗುರುತಿಸುವುದು ನನಗೆ ಹೆಚ್ಚು ರೂಢಿ. ಹಾಗಾಗಿ ಎರಡನ್ನೂ ಜೊತೆಜೊತೆಗೇ ಇಟ್ಟುಕೊಂಡು ಹೊರಟೆ.

ಮೊದಲು ಇಸವಿಗಳನ್ನು ಸಾಲಾಗಿ ಜೋಡಿಸಿಕೊಂಡೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ ಮುಗಿದದ್ದು 1912ರಲ್ಲಿ. ಈ ನಡುವೆ, 1906ರಲ್ಲಿ, ಮೈಸೂರಿಗೆ ಬಂದಿದ್ದ ವೇಲ್ಸ್ ರಾಜಕುಮಾರ (ಮುಂದೆ 5ನೇ ಜಾರ್ಜ್ ಆದವರು) ಸಯ್ಯಾಜಿರಾವ್ ರಸ್ತೆಯಲ್ಲಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟ ಆ ಸಂಸ್ಥೆ 1913ರಲ್ಲಿ ಆರಂಭವಾಯಿತು. ಕಾವಾಗೆ ‘ಚಾಮರಾಜೇಂದ್ರ’ ಎಂಬ ಹೆಸರು ಬಂದದ್ದು ಇಲ್ಲಿಂದಲೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. ಕೈಗಾರಿಕೆಯ ಹುರುಪು ಸಂಸ್ಥಾನದಲ್ಲೆಲ್ಲ ತುಂಬಿತ್ತು. ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ನೋಡಿದಾಗ ನನಗೊಂದು ಸಂಗತಿ ಎದ್ದು ಕಂಡಿತು: ಮೈಸೂರಿನಲ್ಲಿ ಒಂದು ದೊಡ್ಡ ಅರಮನೆಯ ಕೆಲಸ ಮುಗಿದ ಮರುವರ್ಷವೇ ಕೈಕೆಲಸ ಕಲಿಸುವ ಒಂದು ದೊಡ್ಡ ಶಾಲೆ ಬಾಗಿಲು ತೆರೆದಿದೆ. ಮರ, ಲೋಹ, ಗಾರೆ, ಬಣ್ಣ ಗೊತ್ತಿದ್ದ ಅಷ್ಟೊಂದು ಕೈಗಳಿದ್ದ ಊರಿನಲ್ಲಿ ಅಂಥ ಶಾಲೆ ಬೇರೂರಿದ್ದು ಸಹಜವೇ ಅನ್ನುವುದು ನನ್ನ ಅನಿಸಿಕೆ.

ಈ ಕೆಲಸಕ್ಕೆ ಕೈಹಾಕುವವರಿಗೆ ಒಂದು ಮಾತು. ಮೈಸೂರು ಸಂಸ್ಥಾನದ ಆಡಳಿತ ವರದಿಗಳ ವರ್ಷ ಜುಲೈನಿಂದ ಜೂನ್‌ವರೆಗೆ ನಡೆಯುತ್ತದೆ. ಒಬ್ಬರು 1913 ಅಂದರೆ ಇನ್ನೊಬ್ಬರು 1914 ಅನ್ನುತ್ತಾರೆ, ಇಬ್ಬರೂ ಒಂದೇ ವರದಿಯನ್ನು ನೋಡಿರಬಹುದು. ಹಾಗೆಯೇ ಶಿಕ್ಷಣದ ಅಧ್ಯಾಯ ಓದಿ ಪುಸ್ತಕ ಮುಚ್ಚಬಾರದು. ಚಿತ್ರದ ಜೊತೆಗೆ ಬಡಗಿ, ಕಮ್ಮಾರಿಕೆ, ಬೆತ್ತದ ಕೆಲಸವನ್ನೂ ಕಲಿಸುತ್ತಿದ್ದ ಈ ಶಾಲೆಯ ಸುದ್ದಿಯನ್ನು ಕೈಗಾರಿಕೆಯ ಪುಟಗಳಲ್ಲೂ ಹುಡುಕಬೇಕು. ಇಂದು ಕಾವೇರಿ ಕರಕುಶಲ ಮಳಿಗೆ ಇರುವ ಹಳೆಯ ಕಟ್ಟಡವನ್ನು ಈ ಓದು ಮುಗಿಸಿಕೊಂಡು ಹೋಗಿ ನೋಡಿದರೆ ಬೇರೆಯೇ ಅರ್ಥ ಹೊಳೆಯುತ್ತದೆ. ಕಲಿಸುವ ಜಾಗ ಇವತ್ತು ಮಾರುವ ಜಾಗವಾಗಿದೆ. ಒಳಗೆ ಕಪಾಟಿನಲ್ಲಿರುವ ಬೀಟೆ ಮರದ ಕುಸುರಿ ಫಲಕಗಳು ಮಾತ್ರ ಆ ಕಟ್ಟಡಕ್ಕೆ ಹೊಸವಲ್ಲ.

ಆ ಕುಸುರಿಯನ್ನು ಅರ್ಥ ಮಾಡಿಕೊಳ್ಳಲು ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಕೆಲಸಗಾರರ ಬಳಿ ಹೋಗಿ ಕೂತೆ. ನನಗೆ ಈ ಚರಿತ್ರೆಯಲ್ಲಿ ಅತಿ ಹೆಚ್ಚು ಕಲಿಸಿದ್ದು ಅದೇ ಜಾಗ. ಅವರು ಮೊದಲು ಕಾಗದದ ಮೇಲಿನ ಚಿತ್ರವನ್ನು ತುಂಡುತುಂಡಾಗಿ ಕತ್ತರಿಸಿದರು. ಒಂದೊಂದು ತುಂಡನ್ನೂ ಒಂದೊಂದು ಜಾತಿಯ ಮರದ ತೆಳು ಹಲಗೆಗೆ ಅಂಟಿಸಿ, ಸಣ್ಣ ಗರಗಸದಲ್ಲಿ ಕೊಯ್ದು ತೆಗೆದರು. ಆಮೇಲೆ ಬೀಟೆ ಹಲಗೆಯ ಮೇಲೆ ಆ ತುಂಡಿನ ಅಂಚನ್ನು ಗೀಚಿ, ಅಷ್ಟೇ ಆಳಕ್ಕೆ ತಗ್ಗು ತೋಡಿ, ಅಂಟು ಹಾಕಿ ಕೂರಿಸಿದರು. ಉಜ್ಜಿದ ಮೇಲೆ ಬೆರಳಾಡಿಸಿದರೆ ಸಂದು ಸಿಗಲಿಲ್ಲ. ಆಕಾಶಕ್ಕೆ ಬಣ್ಣ ಹಚ್ಚುವುದಿಲ್ಲವೇ ಎಂದು ಕೇಳಿದೆ. “ಯಾಕೆ ಹಚ್ಚಬೇಕು ಮೇಷ್ಟ್ರೇ? ಮರದ ಒಳಗೇ ಮೋಡ ಇರುತ್ತೆ, ಹುಡುಕಿ ತೆಗೀಬೇಕು ಅಷ್ಟೆ,” ಎಂದು ಒಂದು ಹಲಗೆಯನ್ನು ತಿರುಗಿಸಿ ತಿರುಗಿಸಿ ಅದರ ಎಳೆಗಳನ್ನು ತೋರಿಸಿದರು.

ಹಿಂದೆ ದಂತದ ಬಿಳುಪು ಇದ್ದ ಕಡೆ, 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ನಂತರ, ತಿಳಿ ಬಣ್ಣದ ಮರ ಬಂದಿದೆ, ಪ್ಲಾಸ್ಟಿಕ್ ಬಂದಿದೆ. ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಚಿತ್ರದ ವಿನ್ಯಾಸ. ದೂರ ಹೋದಂತೆ ಕಿರಿದಾಗುವ ರಸ್ತೆ, ಒಂದೇ ಕಡೆಯಿಂದ ಬೀಳುವ ಬೆಳಕು, ಮರದ ಬುಡದ ನೆರಳು. ಇದು ಹೂಬಳ್ಳಿಯ ಹಳೆಯ ಕುಸುರಿ ಅಲ್ಲ, ಡ್ರಾಯಿಂಗ್ ತರಗತಿಯ ಕಣ್ಣು. ಬಡಗಿಯೂ ಚಿತ್ರಗಾರನೂ ಒಂದೇ ಸೂರಿನಡಿ ಕಲಿತ ಊರಿನಲ್ಲಿ ಆ ಕಣ್ಣು ಗರಗಸ ಹಿಡಿದವರ ಕೈಗೂ ಇಳಿದಿದೆ ಎಂದೇ ನಾನು ನಂಬಿದ್ದೇನೆ.

ಇನ್ನೊಂದು ಎಳೆ ಚಿತ್ರಗಾರ ಮನೆತನಗಳದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ ಬೆಳೆದ ಸಾಂಪ್ರದಾಯಿಕ ಮೈಸೂರು ಚಿತ್ರದ ಕ್ರಮದಲ್ಲಿ ಹುಡುಗ ಮೊದಲು ಕಲಿಯುವುದು ಗೆರೆಯನ್ನಲ್ಲ, ಸಾಮಗ್ರಿಯನ್ನು: ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡುವುದು, ಬಣ್ಣ ಅರೆಯುವುದು, ಉಬ್ಬುಕೆಲಸಕ್ಕೆ ಸಫೇದ ಎಂಬ ಬಿಳಿ ಪುಡಿಯನ್ನು ಹದಗೊಳಿಸಿ ಅದರ ಮೇಲೆ ಚಿನ್ನದ ರೇಕು ಕೂರಿಸುವುದು. ಕಲಾಶಾಲೆಯ ಹುಡುಗ ಮೊದಲ ದಿನವೇ ಎದುರಿಗಿರುವ ವಸ್ತುವನ್ನು ನೋಡಿ ಬರೆಯುತ್ತಾನೆ. ಅರಮನೆಯ ಚಿತ್ರಗಾರರ ಮನೆಯಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದದ್ದನ್ನು ಓದುವಾಗ ಈ ಎರಡು ಕಲಿಕೆಗಳೂ ಒಬ್ಬರಲ್ಲೇ ಸೇರಿದ್ದು ಕಾಣುತ್ತದೆ.

ಅರಮನೆಯ ಕಲ್ಯಾಣಮಂಟಪದಲ್ಲಿ ದಸರಾ ಮೆರವಣಿಗೆಯ 26 ಚಿತ್ರಫಲಕಗಳಿವೆ. ವೈ. ನಾಗರಾಜು, ಎಸ್.ಎನ್. ಸ್ವಾಮಿ, ಕೇಶವಯ್ಯ ಮೊದಲಾದವರು ಫೋಟೋಗಳನ್ನು ಇಟ್ಟುಕೊಂಡು ಬರೆದವು. ನಾನು ಅವನ್ನು ಮೆರವಣಿಗೆಯಾಗಿ ನೋಡದೆ ಒಂದೊಂದು ಕೈಯಾಗಿ ನೋಡುತ್ತಾ ಹೋದೆ. ಕುದುರೆಯ ಕಾಲಿನ ಸಂದುಗಳು, ರುಮಾಲಿನ ಮಡಿಕೆ, ಗುಂಪಿನ ಹಿಂದಿನ ಸಾಲಿನ ಮುಖಗಳು. ಹಿಂದಿನ ಸಾಲಿನವರಿಗೂ ಅವರವರದೇ ಮುಖವಿದೆ, ಯಾರನ್ನೂ ಬರೀ ತಲೆಯಾಗಿ ಬಿಟ್ಟಿಲ್ಲ. ಆ ಕಾಲದ ಮೈಸೂರಿನಲ್ಲಿ ರೇಖಾಭ್ಯಾಸ ಎಷ್ಟು ಗಟ್ಟಿಯಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ.

ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸುವಾಗ ಇಸವಿ ಕೇಳುವುದನ್ನು ಬಿಟ್ಟೆ. ಮೊದಲ ವರ್ಷದ ಡ್ರಾಯಿಂಗ್ ಶೀಟ್ ಇದ್ದರೆ ತೋರಿಸಿ ಎನ್ನುತ್ತಿದ್ದೆ. ಹಾಳೆ ಬಿಚ್ಚಿದ ಕೂಡಲೇ ಮಾತು ತಾನಾಗಿ ಬರುತ್ತಿತ್ತು. ಒಂದು ಶೀಟಿನಲ್ಲಿ ಪ್ಲಾಸ್ಟರ್ ತಲೆಯ ಚಿತ್ರ, ಅದರ ಅಂಚಿನಲ್ಲಿ ಮೇಷ್ಟ್ರು ಬರೆದು ತೋರಿಸಿದ ಪುಟ್ಟ ಕಿವಿ. ಹುಡುಗನ ಗೆರೆ ಮೂರು ಸಲ ತಡವಿದೆ, ಮೇಷ್ಟ್ರದು ಒಂದೇ ಎಳೆತ. ಯಾವ ಪಠ್ಯಕ್ರಮದ ಪ್ರತಿಯೂ ಕಲಿಸುವ ರೀತಿಯನ್ನು ಅಷ್ಟು ಸ್ಪಷ್ಟವಾಗಿ ಹೇಳಲಾರದು.

ಇದು ಮೈಸೂರೊಂದರ ಕಥೆಯಾಗಿಯೂ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರ ಎಂಬ ಕಲಾಶಾಲೆ ಕಟ್ಟಿದರು. ಚಿತ್ರಕಾರ ರುಮಾಲೆ ಚೆನ್ನಬಸವಯ್ಯನವರು ಅಲ್ಲಿಯೂ ಕಲಿತು ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೂ ಬಂದವರು, ನಂತರ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು. 1960ರಲ್ಲಿ ಬೆಂಗಳೂರಿನಲ್ಲೇ ಚಿತ್ರಕಲಾ ಪರಿಷತ್ತು ಹುಟ್ಟಿತು.

1981ರ ನಂತರ ಕಾವಾದಲ್ಲಿ ಚಿತ್ರಕಲೆ, ಶಿಲ್ಪ, ಗ್ರಾಫಿಕ್ (ಅಚ್ಚುಕಲೆ), ಅನ್ವಯಿಕ ಕಲೆ, ಕಲಾ ಇತಿಹಾಸ, ಛಾಯಾಚಿತ್ರ ಎಂದು ವಿಭಾಗಗಳು ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಪದವಿ ಸಿಗುವಂತಾಯಿತು. ಬಡ ಮನೆಯ ಮಕ್ಕಳಿಗೆ ಕಲೆಯಲ್ಲೂ ಒಂದು ಡಿಗ್ರಿ ಇದೆ ಎಂದು ಅಪ್ಪ ಅಮ್ಮನಿಗೆ ಹೇಳುವ ಧೈರ್ಯ ಬಂತು. ಇದನ್ನು ಸಣ್ಣದೆಂದು ನಾನು ಎಂದೂ ಎಣಿಸುವುದಿಲ್ಲ. ಆದರೆ ಬೀಟೆ ಕುಸುರಿಯವರೂ ಚಿತ್ರ ಬರೆಯುವವರೂ ದಿನಾ ಒಬ್ಬರ ಕೆಲಸ ಒಬ್ಬರು ನೋಡುವ ಅವಕಾಶ ತಪ್ಪಿದ್ದು ನನ್ನ ಪಾಲಿಗೆ ನಿಜವಾದ ನಷ್ಟ.

ಹಾಗಾಗಿ ನಾನು ಬರೆದ ಚರಿತ್ರೆಯಲ್ಲಿ ಮೊದಲ ಅಧ್ಯಾಯ ಬಡಗಿ ಮತ್ತು ಕುಸುರಿ ಕೆಲಸದ್ದು, ಚಿತ್ರಕಲೆ ಎರಡನೆಯದು, ರೋರಿಕ್ ಬರುವುದು ಆಮೇಲೆ. ಕ್ರಮ ಬದಲಿಸು ಎಂದು ಕೆಲವರು ಹೇಳಿದರು, ನಾನು ಬದಲಿಸಲಿಲ್ಲ. ಈಗ ಎರಡನೇ ಕರಡಿಗಾಗಿ ಮಂಡಿ ಮೊಹಲ್ಲಾದ ಕಾರ್ಖಾನೆಗಳಲ್ಲಿ ಉಳಿದಿರುವ ಹಳೆಯ ವಿನ್ಯಾಸದ ಕಾಗದಗಳನ್ನು ಒಂದೊಂದಾಗಿ ಪ್ರತಿ ಮಾಡಿಕೊಳ್ಳುತ್ತಿದ್ದೇನೆ.