ಹ್ಯಾಲೊವೀನ್‌ಗೆ ಪೆಂಡಲ್ ಗುಡ್ಡಕ್ಕೆ ಹೋಗಿ ಬನ್ನಿ

ಅಕ್ಟೋಬರ್ 31ರ ಹ್ಯಾಲೊವೀನ್ ಅಂದ್ರೆ ಪ್ಲಾಸ್ಟಿಕ್ ಅಸ್ಥಿಪಂಜರ, ಚಾಕೊಲೇಟು ಅಷ್ಟೇ ಅಂತ ಇಂಗ್ಲೆಂಡಿನ ನಗರಗಳಲ್ಲಿ ಇರುವ ನಮ್ಮ ಕನ್ನಡಿಗರಿಗೆ ಅನ್ನಿಸಬಹುದು. ಒಂದು ಸಲ ಇಲ್ಲಿನ ಹಳ್ಳಿ ಕಡೆ ಹೋಗಿ ನೋಡಿ. ಸಂಜೆ ಐದಕ್ಕೆಲ್ಲ ಕತ್ತಲು. ಕಲ್ಲಿನ ಮನೆಗಳ ನಡುವೆ ಮಂಜು ಇಳಿದಿರುತ್ತದೆ. ದೆವ್ವದ ಕಥೆಗಳು ಇಲ್ಲೇ ಯಾಕೆ ಹುಟ್ಟಿದವು ಅಂತ ತಾನಾಗಿ ಗೊತ್ತಾಗುತ್ತದೆ.

ಮೊದಲು ಊರು ಆರಿಸಿ

ಕೆಂಟ್‌ನ ಪ್ಲಕ್ಲಿ ದೆವ್ವಗಳ ಊರು ಅಂತಲೇ ಹೆಸರುವಾಸಿ. ಆದರೆ ಹ್ಯಾಲೊವೀನ್ ರಾತ್ರಿ ಅಲ್ಲಿ ಜನಜಂಗುಳಿ. ಊರಿನವರಿಗೂ ಅದು ಕಿರಿಕಿರಿ, ಆ ದಿನ ಹೋಗದಿರುವುದೇ ಒಳ್ಳೆಯದು. ಚಿಕ್ಕ ಮಕ್ಕಳಿದ್ದರೆ ಸಾಮರ್‌ಸೆಟ್‌ನ ಹಿಂಟನ್ ಸೇಂಟ್ ಜಾರ್ಜ್ ಚೆಂದ. ಅಲ್ಲಿ ಅಕ್ಟೋಬರ್ ಕೊನೆಯ ಗುರುವಾರ 'ಪಂಕಿ ನೈಟ್'. ಮಕ್ಕಳು ಗಡ್ಡೆ ಕೊರೆದು ಮಾಡಿದ ಲಾಂದ್ರ ಹಿಡಿದು ಬೀದಿ ಸುತ್ತುತ್ತಾರೆ.

ನಾನು ಮಾತ್ರ ಕೇಳಿದವರಿಗೆಲ್ಲ ಲ್ಯಾಂಕಾಷೈರ್‌ನ ಪೆಂಡಲ್ ಗುಡ್ಡ ಅಂತಲೇ ಹೇಳುತ್ತೇನೆ. ಅಲ್ಲಿ ನಡೆದದ್ದು ಕಟ್ಟುಕಥೆ ಅಲ್ಲ. 1612ರ ಮಾರ್ಚ್‌ನಲ್ಲಿ ಅಲಿಜಾನ್ ಡಿವೈಸ್ ಎಂಬ ಬಡ ಹುಡುಗಿ ದಾರಿಯಲ್ಲಿ ಸಿಕ್ಕ ವ್ಯಾಪಾರಿಯ ಹತ್ತಿರ ಗುಂಡುಸೂಜಿ ಕೇಳಿದಳು. ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಕುಸಿದು ಬಿದ್ದ, ಮೈಯ ಒಂದು ಪಕ್ಕ ಸ್ವಾಧೀನ ತಪ್ಪಿತು. ಇವತ್ತಾಗಿದ್ದರೆ ಪಾರ್ಶ್ವವಾಯು ಅಂತ ಆಸ್ಪತ್ರೆಗೆ ಸೇರಿಸುತ್ತಿದ್ದರು. ಆಗ ಅದು ಮಾಟ ಆಯಿತು. ತನ್ನಿಂದಲೇ ಹೀಗಾಯಿತು ಅಂತ ಆ ಹುಡುಗಿಯೂ ನಂಬಿ ಕ್ಷಮೆ ಕೇಳಿದಳು. ಅಲ್ಲಿಂದ ಶುರುವಾದ ವಿಚಾರಣೆಯಲ್ಲಿ, ಒಂಬತ್ತು ವರ್ಷದ ತಂಗಿ ಜೆನೆಟ್‌ಳನ್ನು ಕೋರ್ಟಿನಲ್ಲಿ ಮೇಜಿನ ಮೇಲೆ ನಿಲ್ಲಿಸಿ, ಹೆತ್ತ ತಾಯಿಯ ವಿರುದ್ಧವೇ ಸಾಕ್ಷಿ ಹೇಳಿಸಿದರು. ಆಗಸ್ಟ್ 20ರಂದು ಲ್ಯಾಂಕಾಸ್ಟರ್‌ನಲ್ಲಿ ಹತ್ತು ಜನರನ್ನು ನೇಣಿಗೆ ಹಾಕಿದರು. ಇದನ್ನು ಮಕ್ಕಳಿಗೆ ಹೊರಡುವ ಮೊದಲೇ ಹೇಳಿ. ಗುಡ್ಡ ಬೇರೆಯಾಗಿಯೇ ಕಾಣುತ್ತದೆ.

ಬುಕಿಂಗ್

ಅಕ್ಟೋಬರ್ ಕೊನೆಗೆ ಇಲ್ಲಿನ ಶಾಲೆಗಳಿಗೆ ಹಾಫ್ ಟರ್ಮ್, ಅಂದರೆ ಟರ್ಮಿನ ಮಧ್ಯದ ರಜೆ. ಕಾಟೇಜ್ ಬಾಡಿಗೆ ಏರುತ್ತದೆ, ಬೇಗ ತುಂಬುತ್ತದೆ. ಬೇಸಿಗೆಯಲ್ಲೇ ಎರಡು ರಾತ್ರಿಗೆ ಕಾದಿರಿಸಿ. ಹ್ಯಾಲೊವೀನ್‌ನ ಮಾರನೇ ದಿನವೇ ನಮ್ಮ ರಾಜ್ಯೋತ್ಸವ ಅಲ್ವಾ, ನಿಮ್ಮೂರಿನ ಕನ್ನಡ ಸಂಘದ ಕಾರ್ಯಕ್ರಮ ಯಾವತ್ತು ಅಂತ ಕೇಳಿಕೊಂಡು ದಿನ ಗೊತ್ತು ಮಾಡಿ. ಭಾರತದಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ವೀಸಾ ಅರ್ಜಿಯನ್ನು ಕೊನೇ ಗಳಿಗೆಗೆ ಬಿಡಬೇಡಿ.

ಗುಡ್ಡದ ಬುಡದ ಬಾರ್ಲಿ ಹಳ್ಳಿಯಲ್ಲಿ ಜಾಗ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಸಿಗದಿದ್ದರೆ ಕ್ಲಿದರೋ ಪಟ್ಟಣ. ಮ್ಯಾಂಚೆಸ್ಟರ್ ವಿಕ್ಟೋರಿಯಾದಿಂದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಮುಂದೆ ಕಾರಿದ್ದರೆ ಸಲೀಸು. ಹಳ್ಳಿ ರಸ್ತೆಗಳು ಕಿರಿದು, ಎರಡೂ ಕಡೆ ಕಲ್ಲಿನ ಗೋಡೆ. ಎದುರು ಗಾಡಿ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು.

ಗುಡ್ಡ ಹತ್ತುವುದು

ಎತ್ತರ 557 ಮೀಟರ್. ನಮ್ಮ ಮಲೆನಾಡಿನ ಬೆಟ್ಟ ಹತ್ತಿದವರಿಗೆ ಇದು ದೊಡ್ಡದೇನಲ್ಲ. ಆದರೆ ಗಾಳಿಯನ್ನು ಹಗುರವಾಗಿ ತಗೋಬೇಡಿ. ಬಾರ್ಲಿಯಿಂದ ಹೊಲಗಳ ಮಧ್ಯೆ ನಡೆದು ಹೋದರೆ ಕೊನೆಗೆ ಕಡಿದಾದ ಕಲ್ಲಿನ ಮೆಟ್ಟಿಲು. ಮಳೆ ಬಂದಿದ್ದರೆ ಒಂದೊಂದು ಮೆಟ್ಟಿಲಿನ ಗುಳಿಯಲ್ಲೂ ನೀರು ನಿಂತಿರುತ್ತದೆ, ಅಂಚಿನಲ್ಲಿ ಕಾಲಿಟ್ಟರೆ ಜಾರುತ್ತದೆ. ಹಿಡಿತ ಇರುವ ಬೂಟು ಬೇಕೇ ಬೇಕು. ಒಳಗೆ ಬೆಚ್ಚಗಿನ ಥರ್ಮಲ್ ಬಟ್ಟೆ, ಅದರ ಮೇಲೊಂದು ಸ್ವೆಟರ್, ಮೇಲೆ ನೀರು ಹಿಡಿಯದ ಜಾಕೆಟ್. ಛತ್ರಿ ಮಾತ್ರ ತರಬೇಡಿ, ಗಾಳಿ ಉಳಿಸುವುದಿಲ್ಲ.

ಅಕ್ಟೋಬರ್‌ನ ಕೊನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ 31ರಂದು ನಾಲ್ಕೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಹನ್ನೆರಡಕ್ಕೆಲ್ಲ ಹತ್ತಲು ಶುರು ಮಾಡಿ, ನಾಲ್ಕಕ್ಕೆ ಕೆಳಗಿರಿ. ಕತ್ತಲಲ್ಲಿ ಹತ್ತುವ ಆಸೆ ಇದ್ದರೆ ದಾರಿ ಗೊತ್ತಿರುವವರ ಜೊತೆ, ತಲೆಗೆ ಕಟ್ಟುವ ಟಾರ್ಚ್ ಇಟ್ಟುಕೊಂಡು ಹೋಗಿ. ಮಂಜು ಕವಿದರೆ ಎದುರಿಗಿನ ಮೆಟ್ಟಿಲೂ ಕಾಣುವುದಿಲ್ಲ. ದಾರಿಯಲ್ಲಿ ತೆರೆದ ಗೇಟನ್ನು ಮತ್ತೆ ಮುಚ್ಚಿ, ಕುರಿಗಳಿರುತ್ತವೆ.

ಊಟ, ಸಂಜೆ

ಹಳ್ಳಿಯ ಪಬ್‌ನಲ್ಲಿ ಬಾರ್ ತೆರೆದಿರುತ್ತದೆ, ಅಡುಗೆಮನೆ ಮಾತ್ರ ಎಂಟೂವರೆ ಒಂಬತ್ತಕ್ಕೆ ಮುಚ್ಚುತ್ತದೆ. ಒಂದು ಸಲ ಒಂಬತ್ತೂಕಾಲಿಗೆ ಹೋಗಿ ಚಿಪ್ಸ್ ಪ್ಯಾಕೆಟ್ ತಿಂದು ಮಲಗಿದ್ದೇವೆ. ಏಳಕ್ಕೆ ಟೇಬಲ್ ಕಾದಿರಿಸಿ. ಸಸ್ಯಾಹಾರಿಗಳು ಚೀಸ್ ಮತ್ತು ಈರುಳ್ಳಿ ಪೈ ಇದೆಯಾ ಕೇಳಿ, ಈ ಭಾಗದ್ದೇ ತಿಂಡಿ. ಪಾರ್ಕಿನ್ ಕೇಕ್ ಸಿಕ್ಕರೆ ಬಿಡಬೇಡಿ. ಓಟ್ಸ್ ಹಿಟ್ಟು, ಶುಂಠಿ, ಕಪ್ಪು ಕಾಕಂಬಿ ಹಾಕಿ ಮಾಡಿದ್ದು. ಅಂಟಂಟಾಗಿ, ಶುಂಠಿಯ ಖಾರ ಗಂಟಲಿಗೆ ತಾಕುವ ಹಾಗಿರುತ್ತದೆ. ಚಳಿಯಲ್ಲಿ ಗುಡ್ಡ ಇಳಿದು ಬಂದಾಗ ಬಿಸಿ ಟೀ ಜೊತೆ ಅದೊಂದಿದ್ದರೆ ಸಾಕು.

ಮಕ್ಕಳು ಮನೆ ಮನೆಗೆ ಹೋಗಿ ಸಿಹಿ ಕೇಳಬೇಕೆಂದರೆ ಬಾಗಿಲಲ್ಲಿ ಕುಂಬಳಕಾಯಿ ದೀಪ ಹಚ್ಚಿಟ್ಟ ಮನೆಗಳಿಗೆ ಮಾತ್ರ ಹೋಗಲಿ. ದೀಪ ಇಲ್ಲ ಅಂದರೆ ತಟ್ಟಬೇಡಿ ಅಂತ ಅರ್ಥ.

ಮಾರನೇ ದಿನ

ಕಾರಿನಲ್ಲಿ ಟ್ರಫ್ ಆಫ್ ಬೋಲಂಡ್ ಕಣಿವೆಯ ಮೂಲಕ ಲ್ಯಾಂಕಾಸ್ಟರ್‌ಗೆ ಹೋಗಿ. ಆರೋಪಿಗಳನ್ನು ಕರೆದುಕೊಂಡು ಹೋದದ್ದೂ ಇದೇ ದಾರಿಯಲ್ಲಿ ಅಂತ ಇಲ್ಲಿನವರು ಹೇಳುತ್ತಾರೆ. ಸುತ್ತ ಬೋಳು ಗುಡ್ಡ, ಕುರಿ, ಗಾಳಿ. ಲ್ಯಾಂಕಾಸ್ಟರ್ ಕೋಟೆ 2011ರವರೆಗೂ ಜೈಲಾಗಿತ್ತು. ಈಗ ಗೈಡ್ ಜೊತೆ ಒಳಗೆ ಹೋಗಿ ನೋಡಬಹುದು, ಸಮಯ ಮೊದಲೇ ವಿಚಾರಿಸಿ. ಅಲಿಜಾನ್‌ಳ ಅಜ್ಜಿ, ಕಣ್ಣು ಕಾಣದ ಮುದುಕಿ, ವಿಚಾರಣೆಗೆ ಮೊದಲೇ ಇಲ್ಲಿನ ಸೆರೆಯಲ್ಲಿ ತೀರಿಕೊಂಡಳು.